ಭಜನೆ ಮನೆಯಲ್ಲಿದ್ದ ಮತಗಟ್ಟೆ

ತಾಲ್ಲೂಕು ಕಚೇರಿಗೆ ನಾನು ಗುಮಾಸ್ತೆಯಾಗಿ ಸೇರಿದಾಗ ನನ್ನ ಟೇಬಲ್ಲಿನ ಎದುರು ಗೋಡೆಯಲ್ಲಿ ಸುಣ್ಣ ಕಾಣದಷ್ಟು ದೇವರ ಪಟಗಳಿದ್ದವು. ಪಹಣಿ ನೋಡುವವರಿಗೆ ತಿಮ್ಮಪ್ಪ, ಹಣ ಕಟ್ಟಿಸಿಕೊಳ್ಳುವವರಿಗೆ ಲಕ್ಷ್ಮಿ, ಉಳಿದವರಿಗೆ ಅವರವರ ಮನೆದೇವರು. ಬೆಳಿಗ್ಗೆ ಹೆಡ್ ಕ್ಲಾರ್ಕ್ ಶ್ರೀಕಂಠಯ್ಯನವರು ಎಲ್ಲ ಪಟಗಳಿಗೂ ಹೂವಿಟ್ಟು ಮಂಗಳಾರತಿ ಎತ್ತಿದ ಮೇಲೆಯೇ ಕೆಲಸ ಶುರು. ಅಲ್ಲಿಯವರೆಗೆ ಜನ ಹೊರಗೆ ಹೊಂಗೆ ಮರದ ಕೆಳಗೆ ನಿಂತಿರುತ್ತಿದ್ದರು. ನನಗಾಗಲಿ ಬೇರೆ ಯಾರಿಗಾಗಲಿ ಅದರಲ್ಲಿ ವಿಶೇಷವೇನೂ ಕಾಣಿಸಿರಲಿಲ್ಲ. ರಾಜಾಜಿನಗರದ ನಮ್ಮ ಮನೆಯಲ್ಲೂ ಬೆಳಗಾಗುತ್ತಿದ್ದುದು ಹಾಗೆಯೇ.

ಈಗ ಇಂಥ ಕಚೇರಿಗಳಿಗೆ ಹೊಸದಾಗಿ ಸೇರುವವರು ನನ್ನನ್ನು ಕೇಳುವುದು ಬಡ್ತಿ, ವರ್ಗಾವಣೆ, ಇಲಾಖಾ ಪರೀಕ್ಷೆಗಳ ವಿಷಯ. ಅದೆಲ್ಲ ನಿಯಮದ ಪುಸ್ತಕದಲ್ಲಿದೆ. ಪುಸ್ತಕದಲ್ಲಿಲ್ಲದ ಒಂದು ಸಂಗತಿಯನ್ನು ಇಲ್ಲಿ ಬರೆದಿಡುತ್ತೇನೆ. ನಮ್ಮದು ಜಾತ್ಯತೀತ ಪ್ರಜಾಪ್ರಭುತ್ವ ಎಂದು ಸಮಾಜ ಪಾಠದಲ್ಲಿ ಬರೆದು ಅಂಕ ತೆಗೆದುಕೊಂಡು ಬಂದವಳೇ ನಾನೂ. ಆ ಮಾತಿಗೆ ಕೆಲಸದಲ್ಲಿ ಏನು ಅರ್ಥ ಎಂದು ಯೋಚಿಸಬೇಕಾಗಿ ಬಂದದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ.

ಆಗ ನಮಗೆ ರುದ್ರಪ್ಪನವರೆಂಬ ತಹಶೀಲ್ದಾರರು ಬಂದರು. ಹಣೆಯಲ್ಲಿ ಢಾಳಾದ ವಿಭೂತಿ, ಕೊರಳಲ್ಲಿ ಲಿಂಗ. ಇವರ ಕಾಲದಲ್ಲಿ ಪೂಜೆಗೆ ಇನ್ನಷ್ಟು ಕಳೆ ಬರುತ್ತದೆ ಎಂದು ಶ್ರೀಕಂಠಯ್ಯನವರು ಹಿಗ್ಗಿದರು. ಬಂದ ಕೆಲವೇ ದಿನಕ್ಕೆ ರುದ್ರಪ್ಪನವರು ಬೆಳಿಗ್ಗೆ ಬೇಗ ಬಂದು, ಮಂಗಳಾರತಿ ಮುಗಿಯುವತನಕ ಹೊಂಗೆ ಮರದ ಕೆಳಗೆ ಜನರ ಜೊತೆಯಲ್ಲೇ ನಿಂತರು. ಆಮೇಲೆ ಒಳಗೆ ಬಂದು ಕೇಳಿದರು.

“ಶ್ರೀಕಂಠಯ್ಯನವರೇ, ಈ ಪಟಗಳೆಲ್ಲ ಯಾರವು?”

“ನಮ್ಮವೇ ಸಾರ್. ನಾವೇ ಕೈಯಿಂದ ಹಾಕಿ ತಂದಿದ್ದು.”

“ಹಾಗಾದ್ರೆ ಮನೆಗೆ ತಗೊಂಡು ಹೋಗಿ.”

“ತಾವೂ ಪೂಜೆ ಪುನಸ್ಕಾರ ಇಟ್ಕೊಂಡಿರೋರು ಸಾರ್…”

“ಇಟ್ಕೊಂಡಿದೀನಿ, ನನ್ನ ಮನೇಲಿ. ಇಲ್ಲಿಗೆ ಬರೋ ಜನ ನಿಮ್ಮ ಮನೆಗೂ ಬರ್ತಾ ಇಲ್ಲ, ನನ್ನ ಮನೆಗೂ ಬರ್ತಾ ಇಲ್ಲ. ಕಚೇರಿಗೆ ಬರ್ತಾ ಇದಾರೆ. ಒಳಗೆ ಕಾಲಿಟ್ಟಾಗ ಇದು ಯಾರ ಮನೆ ಅಂತ ಅವರು ಯೋಚನೆ ಮಾಡೋ ಹಾಗಿರಬಾರದು.”

ಪಟಗಳು ಇಳಿದವು. ಶ್ರೀಕಂಠಯ್ಯನವರು ಸಣ್ಣದೊಂದು ತಿಮ್ಮಪ್ಪನ ಪಟವನ್ನು ತಮ್ಮ ಬೀರುವಿನ ಬಾಗಿಲಿನ ಒಳಮೈಗೆ ಅಂಟಿಸಿಕೊಂಡು, ಫೈಲು ತೆಗೆಯುವ ನೆಪದಲ್ಲಿ ಬಾಗಿಲು ತೆರೆದು ಕೈ ಮುಗಿಯುತ್ತಿದ್ದರು. ರುದ್ರಪ್ಪನವರು ಅದನ್ನು ಕಂಡರೂ ಏನೂ ಅನ್ನಲಿಲ್ಲ. ಗೋಡೆಯಲ್ಲಿ ಪಟಗಳಿದ್ದ ಕಡೆ ಚೌಕ ಚೌಕವಾಗಿ ಬಿಳಿ ಗುರುತು ಉಳಿಯಿತು. ಸುಣ್ಣ ಹೊಡೆಸಲು ಹಣ ಮಂಜೂರಾಗಲಿಲ್ಲ.

ಅದೇ ಸಮಯಕ್ಕೆ ಚುನಾವಣೆ ಬಂತು, ನನ್ನನ್ನು ಚುನಾವಣಾ ವಿಭಾಗಕ್ಕೆ ಹಾಕಿದರು. ಆಗ ಮತಯಂತ್ರ ಇರಲಿಲ್ಲ. ಮತಪತ್ರ, ಮೊಹರು, ನೇರಳೆ ಬಣ್ಣದ ಇಂಕ್ ಪ್ಯಾಡು, ತಗಡಿನ ಪೆಟ್ಟಿಗೆ. ಮತಗಟ್ಟೆಗಳ ಹಳೆಯ ಪಟ್ಟಿಯನ್ನೇ ಪ್ರತಿಸಲ ಟೈಪು ಮಾಡಿ ಮೇಲಕ್ಕೆ ಕಳಿಸುವುದು ವಾಡಿಕೆ. ಹಿಂದಿನ ಸಲ ಹಾಗೆ ಮಾಡಿ ನಮ್ಮ ಕಚೇರಿ ನಗೆಪಾಟಲಾಗಿತ್ತು. ವಿಜಯನಗರದ ಕಡೆ ರಸ್ತೆಗಾಗಿ ಕೆಡವಿದ್ದ ಒಂದು ಕಟ್ಟಡಕ್ಕೆ ಪೆಟ್ಟಿಗೆ, ಸಿಬ್ಬಂದಿ ಎಲ್ಲ ಹೋಗಿ ಇಳಿದು, ಕಟ್ಟಡ ಎಲ್ಲಿ ಎಂದು ಬೀದಿಯವರನ್ನು ಕೇಳಿದ್ದರು. ರುದ್ರಪ್ಪನವರ ಕಿವಿಗೆ ಅದು ಬಿದ್ದಿತ್ತು. “ಈ ಸಲ ಒಂದೊಂದು ಕಟ್ಟಡಾನೂ ಕಣ್ಣಾರೆ ನೋಡಿ ಬರ್ಬೇಕು” ಎಂದು ಹೇಳಿ, ಕೆಂಗೇರಿ ಸುತ್ತಿನ ಹಳ್ಳಿಗಳನ್ನು ನನಗೆ ವಹಿಸಿದರು.

ನಾನು ಹೇಳಹೊರಟ ಊರಿನ ಹೆಸರು ಬರೆಯುವುದಿಲ್ಲ. ಈಗ ಅದು ಊರೂ ಅಲ್ಲ, ಬಡಾವಣೆಗಳ ನಡುವೆ ಸಿಕ್ಕಿಕೊಂಡ ಎರಡು ಬೀದಿ. ಆಗ ಸುತ್ತ ರಾಗಿ ಹೊಲ, ಒಂದು ಕಡೆ ಇಟ್ಟಿಗೆ ಗೂಡು. ಶಾಲೆಯ ಹೆಂಚು ಹಾರಿಹೋಗಿದ್ದರಿಂದ ಅಲ್ಲಿನ ಮತಗಟ್ಟೆ ಎಷ್ಟೋ ವರ್ಷದಿಂದ ಭಜನೆ ಮನೆಯಲ್ಲಿತ್ತು. ಊರಿನ ಹಿರಿಯರಾದ ತಿಮ್ಮೇಗೌಡರು ನಮ್ಮನ್ನು ಮರ್ಯಾದೆಯಿಂದಲೇ ಬರಮಾಡಿಕೊಂಡರು. ನನ್ನ ಜೊತೆ ಆ ಊರಿನ ವಿಲೇಜ್ ಅಕೌಂಟೆಂಟ್ ಇದ್ದ.

ಭಜನೆ ಮನೆಯ ಹೊಸಿಲ ಹತ್ತಿರ ಗೌಡರ ಹೆಂಡತಿ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು. “ಅಮ್ಮ, ತಪ್ಪು ತಿಳ್ಕೋಬೇಡಿ. ಇವತ್ತು ಒಳಗೆ ಬರಬಹುದಾ ನೀವು?”

ಬರಬಹುದಿತ್ತು. ಹಾಗೇ ಹೇಳಿದೆ. ಹೇಳಿದ ಮೇಲೆ, ಸರ್ಕಾರಿ ಕೆಲಸಕ್ಕೆ ಬಂದವಳು ಇದಕ್ಕೆ ಉತ್ತರ ಕೊಡಬೇಕಾಯಿತಲ್ಲ ಎನ್ನಿಸಿತು.

“ವೋಟಿನ ದಿನ ಹೆಂಗಸರನ್ನೆಲ್ಲ ಹೀಗೇ ಕೇಳ್ತೀರಾ?” ಎಂದೆ.

“ಕೇಳೋದೇನು ಬಂತು. ಆಗದೇ ಇರೋರು ಅವರಾಗೇ ಬರಲ್ಲ.”

ಒಳಗೆ ಕೆಂಪು ಗಾರೆ ನೆಲ, ಒಂದು ಬದಿಗೆ ದೇವರ ಮಂಟಪ, ಬೀದಿಗೆ ತೆರೆದ ಸರಳಿನ ಕಿಟಕಿ. ಬೆಳಕು ಚೆನ್ನಾಗಿತ್ತು. ಕಟ್ಟಡ ಯೋಗ್ಯವಾಗಿದೆ ಎಂದು ಬರೆದುಕೊಂಡು ಹೊರಗೆ ಬಂದೆ. ಚಪ್ಪಲಿ ಮೆಟ್ಟುವಾಗ ಕಿಟಕಿಯ ಹೊರಗಟ್ಟೆಯ ಮೇಲೆ ನೇರಳೆ ಬಣ್ಣದ ಕಲೆಗಳು ಕಣ್ಣಿಗೆ ಬಿದ್ದವು. ನಮ್ಮ ಇಂಕ್ ಪ್ಯಾಡಿನ ಬಣ್ಣ. ಎಷ್ಟೋ ಚುನಾವಣೆಗಳ ಕಲೆ, ಒಂದರ ಮೇಲೊಂದು. ಮೊಹರು ಒತ್ತುವುದು ಒಳಗೆ, ರಟ್ಟಿನ ಮರೆಯಲ್ಲಿ. ಹೊರಗಟ್ಟೆಗೆ ಇಂಕು ಹೇಗೆ ಬಂತು ಎಂದು ಕೇಳಿದೆ. ಗೌಡರು ಬೇರೆ ಕಡೆ ನೋಡಿದರು. ಅಕೌಂಟೆಂಟ್ ದಾರಿಯಲ್ಲಿ ಹೇಳಿದ.

ಊರಾಚೆ ದಲಿತರ ಮನೆಗಳಿದ್ದವು. ಊರವರು ಕಾಲೋನಿ ಎನ್ನುತ್ತಿದ್ದರು. ಕಾಲೋನಿಯವರು ಭಜನೆ ಮನೆಯೊಳಗೆ ಬರುವಂತಿರಲಿಲ್ಲ. ಚುನಾವಣೆಯ ದಿನ ಅವರು ಕಿಟಕಿಯ ಹೊರಗೆ ನಿಂತು ಸರಳುಗಳ ನಡುವೆ ಕೈ ತೂರಿಸುತ್ತಿದ್ದರು. ಒಳಗಿನಿಂದ ಬೆರಳಿಗೆ ಮಸಿ ಹಚ್ಚಿ ಮತಪತ್ರ, ಮೊಹರು ಕೊಡುತ್ತಿದ್ದರು. ಹೊರಗಟ್ಟೆಯ ಮೇಲೇ ಒತ್ತಿ, ಮಡಿಸಿ, ವಾಪಸು ಕೊಟ್ಟರೆ ಒಳಗಿದ್ದ ಯಾರಾದರೂ ಅದನ್ನು ಪೆಟ್ಟಿಗೆಗೆ ಹಾಕುತ್ತಿದ್ದರು.

“ಗೌಡರು ಎಲ್ಲಿರ್ತಾರೆ ಆವಾಗ?” ಎಂದೆ.

“ಕಿಟಕಿ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡಿರ್ತಾರೆ ಮೇಡಂ.”

ನಾನು ಕಾಲೋನಿಗೆ ಹೋದೆ. ಮೊದಲನೇ ಮನೆಯ ಜಗುಲಿಯಲ್ಲಿ ಸಿದ್ದಮ್ಮ ಎಂಬ ವಯಸ್ಸಾದ ಹೆಂಗಸು ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿದ್ದರು. ಅವರ ಮಗ ಹನುಮಂತು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸದವನು. ಅಂದು ಅವನಿಗೆ ವಾರದ ರಜೆ. ಬಂದ ವಿಷಯ ಹೇಳಿದೆ. ಸಿದ್ದಮ್ಮ ಕೈ ನಿಲ್ಲಿಸದೆಯೇ ಮಾತಾಡಿದರು.

“ನಾವು ಭಜನೆ ಮನೆ ಒಳಕ್ಕೆ ಬತ್ತೀವಿ ಅಂತ ಯಾವತ್ತೂ ಕೇಳಿಲ್ಲ ಕಣವ್ವ. ಅದು ದ್ಯಾವರ ಇಚಾರ. ಓಟು ಸರ್ಕಾರದ್ದಲ್ವಾ? ಕಿಟಕಿ ಇಲ್ದೆ ಇರೋ ಕಡೆ ಎಲ್ಲಾದ್ರೂ ಮಡಗಿ.”

“ಬೇರೆ ಕಡೆ ಯಾಕಮ್ಮ ಮಡಗ್ಬೇಕು?” ಎಂದ ಹನುಮಂತು. “ಅಲ್ಲೇ ಇರ್ಲಿ. ನಾವೂ ಒಳಗೆ ಹೋಗಿ ಹಾಕೋಣ. ತಡೆಯೋಕೆ ಕಾನೂನಿಲ್ಲ. ಹೌದೋ ಅಲ್ವೋ ಮೇಡಂ?”

ಹೌದು ಎಂದೆ.

“ನಿಮ್ಮ ಕಾನೂನು ಸಂಜೆ ಬಸ್ಸಿಗೆ ಹೋಯ್ತದೆ. ನಾಳೆ ಕೂಲಿಗೆ ನಾನು ಅವರ ಹೊಲಕ್ಕೇ ಹೋಗ್ಬೇಕು ಕಣಪ್ಪ” ಎಂದರು ಸಿದ್ದಮ್ಮ. ಇಬ್ಬರ ಮಾತೂ ಸರಿ ಎಂದು ನನಗನ್ನಿಸಿತು. ಅಂಥ ಹೊತ್ತಿನಲ್ಲಿ ಗುಮಾಸ್ತರು ಮಾಡುವುದನ್ನೇ ನಾನೂ ಮಾಡಿದೆ, ಕಂಡದ್ದನ್ನು ಕಂಡಂತೆ ಬರೆದು ರುದ್ರಪ್ಪನವರ ಮುಂದಿಟ್ಟೆ.

ಅವರು ಓದಿ ಅಲ್ಲೇ ಫೋನು ತೆಗೆದುಕೊಂಡರು. ಮೇಲಧಿಕಾರಿಯ ಮಾತು ನನಗೆ ಕೇಳಿಸುತ್ತಿರಲಿಲ್ಲ. ಇವರದು ಮಾತ್ರ ಕೇಳಿಸಿತು. “ಇಲ್ಲ ಸಾರ್, ದೂರು ಯಾರೂ ಕೊಟ್ಟಿಲ್ಲ… ಹೌದು ಸಾರ್, ಹಿಂದಿನಿಂದ್ಲೂ ಅಲ್ಲೇ ಇದೆ… ವೋಟು ಗುಟ್ಟಾಗಿ ಹಾಕ್ಬೇಕು ಅಂತಲ್ವಾ ಸಾರ್? ಗೌಡರ ಕಣ್ಣೆದುರಿಗೆ ಒತ್ತಿದ್ರೆ ಗುಟ್ಟು ಎಲ್ಲಿ ಬಂತು?… ಹೂಂ ಸಾರ್. ಬರವಣಿಗೇಲೇ ಕಳಿಸ್ತೀನಿ.” ಫೋನು ಇಟ್ಟು, “ಗಲಾಟೆ ಆದ್ರೆ ನನ್ನ ತಲೆಗೇ ಅಂತೆ” ಎಂದರು. ಹೆಂಚು ಹಾರಿದ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿಸಿ ಮತಗಟ್ಟೆ ಮಾಡುವುದೆಂದು ಪ್ರಸ್ತಾವ ಹೋಯಿತು, ಒಪ್ಪಿಗೆಯೂ ಬಂತು.

ಸುದ್ದಿ ತಿಳಿದು ತಿಮ್ಮೇಗೌಡರು ಊರಿನ ಕೆಲವರನ್ನು ಕಟ್ಟಿಕೊಂಡು ಕಚೇರಿಗೆ ಬಂದರು.

“ಸ್ವಾಮಿ, ನಮ್ಮೂರಲ್ಲಿ ಯಾವ ತಂಟೆ ತಕರಾರೂ ಇಲ್ಲ. ಎಲ್ಲರೂ ಓಟು ಹಾಕ್ತಾವ್ರೆ. ಭಜನೆ ಮನೆ ಬಿಟ್ಟು ಬಯಲಲ್ಲಿ ನಿಲ್ಲಿ ಅಂದ್ರೆ ಅದು ನಮ್ಮೂರಿಗೆ ಅವಮಾನ. ಹಂಗಾದ್ರೆ ನಮ್ಮ ಕಡೆಯಿಂದ ಒಬ್ಬರೂ ಬರಲ್ಲ.”

ಒಂದಿಡೀ ಊರು ಮತದಾನ ಬಹಿಷ್ಕರಿಸಿದರೆ ತಹಶೀಲ್ದಾರರಿಗೆ ಉತ್ತರ ಕೊಟ್ಟು ಸಾಕಾಗುತ್ತದೆ. ಅದು ಗೌಡರಿಗೂ ಗೊತ್ತಿತ್ತು. ರುದ್ರಪ್ಪನವರು ಅವರನ್ನು ಕೂರಿಸಿ ಕಾಫಿ ತರಿಸಿದರು.

“ಗೌಡ್ರೇ, ನೀವೇ ಯೋಚನೆ ಮಾಡಿ. ಕುಡಿದು ಬರೋರು ಇರ್ತಾರೆ. ಏಜೆಂಟರು ಬೀಡಿ ಸೇದ್ತಾರೆ, ಬಾಯಿಗೆ ಬಂದ ಹಾಗೆ ಬೈದಾಡ್ತಾರೆ. ದೇವರ ಎದುರಿಗೆ ಇವೆಲ್ಲ ಬೇಕಾ? ಭಜನೆ ಮನೆ ಪಾವಿತ್ರ್ಯ ಉಳೀಲಿ ಅಂತಾನೇ ಈ ಆರ್ಡರ್ ಮಾಡಿರೋದು. ಓದಿ ನೋಡಿ, ಹಾಗೇ ಬರೆಸಿದೀನಿ.”

ಗೌಡರು ಆದೇಶ ಓದಿಸಿ ಕೇಳಿದರು. ಕಾಲೋನಿಯ ಮಾತು, ಕಿಟಕಿಯ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಧಾರ್ಮಿಕ ಸ್ಥಳದ ಪಾವಿತ್ರ್ಯ ಕಾಪಾಡುವ ದೃಷ್ಟಿಯಿಂದ ಎಂದಷ್ಟೇ ಇತ್ತು. ಗೌಡರ ಮುಖ ಸ್ವಲ್ಪ ಸಡಿಲವಾಯಿತು. ಬರುತ್ತೇವೆ ಎನ್ನಲಿಲ್ಲ, ಆದರೆ ಕಾಫಿ ಕುಡಿದು ಹೋದರು. ನಾನು ಕೊಟ್ಟಿದ್ದ ವರದಿ ಫೈಲಿನಲ್ಲೇ ಉಳಿಯಿತು.

ಮತದಾನದ ದಿನ ಮಹಿಳಾ ಸಿಬ್ಬಂದಿ ಸಾಲದೆ ನನ್ನನ್ನೂ ಅದೇ ಮತಗಟ್ಟೆಗೆ ಹಾಕಿದ್ದರು. ಬೆರಳಿಗೆ ಮಸಿ ಹಚ್ಚುವ ಕೆಲಸ. ಪ್ರಿಸೈಡಿಂಗ್ ಆಫೀಸರು ಒಬ್ಬ ಹೈಸ್ಕೂಲು ಮೇಷ್ಟ್ರು, ಸಾಧು ಮನುಷ್ಯ, ಗಲಾಟೆಯೆಂದರೆ ಬೆವರುವವರು. ಬೆಳಿಗ್ಗೆ ಊರಿನ ಕಡೆಯಿಂದ ಯಾರೂ ಬರಲಿಲ್ಲ. ಕಾಲೋನಿಯವರು ಬಂದರು, ಒಟ್ಟಾಗಿ, ಒಗೆದ ಬಟ್ಟೆ ಉಟ್ಟುಕೊಂಡು. ಶಾಮಿಯಾನದ ಹೊರಗೇ ಚಪ್ಪಲಿ ಬಿಟ್ಟರು. ಹೋಮ್‌ಗಾರ್ಡ್ ಹಾಕ್ಕೊಂಡೇ ಬನ್ನಿ ಎಂದ. ಕೆಲವರು ಹಾಕಿಕೊಂಡರು, ಕೆಲವರು ಹಾಕಿಕೊಳ್ಳಲಿಲ್ಲ.

ಸಿದ್ದಮ್ಮನ ಸರದಿ ಬಂತು. ನಾನು ಬೆರಳಿಗೆ ಮಸಿ ಹಚ್ಚಿದೆ, ಪಕ್ಕದವರು ಮತಪತ್ರ, ಮೊಹರು ಕೊಟ್ಟು ಮರೆ ತೋರಿಸಿದರು. ಹೋಗಿ ಒತ್ತಿ, ಮಡಿಸಿಕೊಂಡು ಅವರು ನೇರ ನನ್ನ ಹತ್ತಿರವೇ ಬಂದು ಕಾಗದವನ್ನು ನನ್ನ ಕೈಗೆ ಚಾಚಿದರು.

“ನನಗಲ್ಲ ಸಿದ್ದಮ್ಮ. ಅಲ್ಲಿ ಪೆಟ್ಟಿಗೆ ಇದೆ. ನೀವೇ ಹಾಕ್ಬೇಕು.”

“ನಾನೇ ಮುಟ್ಟಬೋದಾ?”

“ನೀವೇ ಮುಟ್ಟಬೇಕು.”

ಅವರು ಪೆಟ್ಟಿಗೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ತಗಡಿನ ಮೇಲೆ ಕೈಯಾಡಿಸಿ ಸೀಳು ಹುಡುಕಿ ಕಾಗದ ತೂರಿಸಿದರು. ಅದು ಒಳಗೆ ಬಿತ್ತೋ ಇಲ್ಲವೋ ಎಂದು ಬಗ್ಗಿ ನೋಡಿದರು. ಹಿಂದಿದ್ದವರು ಅವಸರ ಮಾಡಲಿಲ್ಲ. ಅವರಿಗೂ ಅದನ್ನು ನೋಡಿ ಕಲಿಯಬೇಕಿತ್ತು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು.

ಊರಿನಲ್ಲಿದ್ದ ಒಂದೇ ಮುಸ್ಲಿಂ ಮನೆಯ ಯಜಮಾನರು, ಟೈಲರ್ ಬಾಷಾ ಸಾಬರು, ಆ ಹೊತ್ತಿಗೆ ಹೆಂಡತಿ, ಸೊಸೆಯನ್ನು ಕರೆದುಕೊಂಡು ಬಂದರು. ಹೆಂಗಸರಿಬ್ಬರೂ ಆ ಊರಲ್ಲಿ ಮತ ಹಾಕಿದ್ದು ಅದೇ ಮೊದಲು. “ಇಷ್ಟು ದಿನ ಯಾಕೆ ಬರಲಿಲ್ಲ?” ಎಂದು ನಾನು ಕೇಳಿದೆ. “ಯಾರೂ ಬೇಡ ಅಂದಿರ್ಲಿಲ್ಲಮ್ಮ” ಎಂದರು ಸಾಬರು. “ಆದ್ರೂ ಬೇರೆಯವರ ದೇವರ ಮನೆಗೆ ಹೆಂಗಸರನ್ನ ಕರ್ಕೊಂಡು ಹೆಂಗೆ ಹೋಗೋದು?”

ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಲೆಕ್ಕಾಚಾರ ಬೇರೆಯಾಯಿತು. ಕಾಲೋನಿಯ ಮತವೆಲ್ಲ ಬಿದ್ದಿದೆ, ಯಾರಿಗೆ ಬಿದ್ದಿದೆ ಎಂದು ಮೊದಲ ಬಾರಿಗೆ ಯಾರಿಗೂ ಗೊತ್ತಿಲ್ಲ, ಊರಿನವರು ಮನೆಯಲ್ಲಿ ಕೂತರೆ ಗೆಲ್ಲಿಸುವವರು ಅವರೇ. ಪಕ್ಷಗಳ ಏಜೆಂಟರು ಸೈಕಲ್ ಹತ್ತಿ ಊರೊಳಗೆ ಓಡಿದರು. ಸ್ವಲ್ಪ ಹೊತ್ತಿಗೆ ಊರು ಬಂತು. ಹೆಂಗಸರ ಸಾಲೂ ಉದ್ದವಾಯಿತು. ಗೌಡರು ಕೊಡೆ ಹಿಡಿದು ಬಂದಾಗ ಗಂಡಸರ ಸಾಲಿನ ಕೊನೆಯಲ್ಲಿ ಇಟ್ಟಿಗೆ ಗೂಡಿನಿಂದ ತಡವಾಗಿ ಬಂದ ಕಾಲೋನಿಯ ಒಬ್ಬ ಆಳು ನಿಂತಿದ್ದ. ಗೌಡರು ಅವನ ಹಿಂದೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು ನಿಂತರು. ಆ ಜಾಗಕ್ಕೆ ಬಿಸಿಲು ಬೀಳುತ್ತಿತ್ತು. ಹೋಮ್‌ಗಾರ್ಡ್ ಹುಡುಗನಿಗೆ ಊರಿನ ವಿಷಯ ಗೊತ್ತಿರಲಿಲ್ಲ. “ಮುಂದೆ ಜರುಗಿ ಯಜಮಾನ್ರೇ, ಹಿಂದೆ ಜನ ನಿಂತವ್ರೆ” ಎಂದ. ಗೌಡರು ಹಿಂದೆ ತಿರುಗಿ ನೋಡಿದರು. ಹಿಂದೆ ನಿಂತಿದ್ದವರು ಅವರ ಬೀಗರೇ. ಗೌಡರು ಜರುಗಿದರು. ಗಲಾಟೆಯಾಗಲಿಲ್ಲ.

ರುದ್ರಪ್ಪನವರಿಗೆ ವರ್ಗವಾಯಿತು. ಇದಕ್ಕೂ ಅದಕ್ಕೂ ಸಂಬಂಧವಿತ್ತೆಂದು ಹೇಳಲಾರೆ, ತಹಶೀಲ್ದಾರರಿಗೆ ವರ್ಗವಾಗುತ್ತಲೇ ಇರುತ್ತದೆ. ಅವರು ಹೋಗುವ ಮೊದಲು ಹನುಮಂತು ಒಂದು ಜಾತಿ ಪ್ರಮಾಣಪತ್ರಕ್ಕೆ ಬಂದಿದ್ದ. ಕೆಲಸ ಮುಗಿದ ಮೇಲೆ, ನಿಂತೇ ಹೇಳಿದ.

“ಮೇಡಂ, ಆ ಆರ್ಡರ್ ಓದಿದೆ. ದೇವರ ಪಾವಿತ್ರ್ಯ ಅಂತ ಬರೆದಿದೀರಿ. ನಮ್ಮ ಓಟಿಗೆ ಅಂತ ಬರೆದಿಲ್ಲ.”

“ಬರೆದಿದ್ರೆ ಗೌಡರು ಒಪ್ತಾ ಇರ್ಲಿಲ್ಲ ಹನುಮಂತು. ನಿಮ್ಮಮ್ಮ ಪೆಟ್ಟಿಗೆಗೆ ತಾವೇ ಹಾಕಿದ್ರಲ್ಲ.”

“ಹಾಕಿದ್ರು. ಅದಕ್ಕೆ ನಾನು ಇಲ್ಲ ಅನ್ನಲ್ಲ. ಆದ್ರೆ ಅದು ಅವರ ದೇವರಿಗೆ ಮಾಡಿದ ಉಪಕಾರ ಆಯ್ತು. ನಮಗೆ ಸಿಕ್ಕ ಹಕ್ಕಲ್ಲ.”

ಆಗ ನನಗೆ ಅವನ ಮಾತು ಅತಿಯಾಯಿತು ಎನ್ನಿಸಿತ್ತು. ಕೆಲಸ ಆಗಿದೆ, ಕಾರಣ ಏನು ಬರೆದರೇನು ಎಂಬುದು ಕಚೇರಿಯಲ್ಲಿ ನಾವೆಲ್ಲ ಕಲಿತ ಪಾಠ.

ಅದು ಎಷ್ಟು ತಪ್ಪು ಎಂದು ತಿಳಿದದ್ದು ಮುಂದಿನ ಚುನಾವಣೆಗೆ. ಶಾಲೆಗೆ ಹೆಂಚು ಬಂದಿತ್ತು, ಮತಗಟ್ಟೆ ಅಲ್ಲೇ ಮುಂದುವರಿಯಬೇಕಿತ್ತು. ತಿಮ್ಮೇಗೌಡರ ಕಡೆಯಿಂದ ಒಂದು ಮನವಿ ಬಂತು. ಭಜನೆ ಮನೆಗೆ ಕರೆಂಟು, ಫ್ಯಾನು ಹಾಕಿಸಿದ್ದೇವೆ, ಶಾಲೆಯಲ್ಲಿ ದೀಪವಿಲ್ಲ. ಪಾವಿತ್ರ್ಯದ ಕಾರಣಕ್ಕೆ ಮತಗಟ್ಟೆ ಬದಲಿಸಲಾಗಿತ್ತು. ಭಜನೆ ಮನೆಯ ಹಿರಿಯರಾದ ನಾವೇ ಹೇಳುತ್ತಿದ್ದೇವೆ, ಪಾವಿತ್ರ್ಯಕ್ಕೆ ಯಾವ ಭಂಗವೂ ಇಲ್ಲ. ಆದ್ದರಿಂದ ಹಿಂದಿನಂತೆಯೇ ಮಾಡಿಕೊಡಬೇಕು.

ಮನವಿಯಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ. ದೇವರ ಪಾವಿತ್ರ್ಯವೇ ಕಾರಣವಾದರೆ ಅದು ಉಳಿಯಿತೋ ಕೆಟ್ಟಿತೋ ಎಂದು ಹೇಳುವ ಅಧಿಕಾರ ಭಜನೆ ಮನೆಯವರದ್ದು. ಮತಗಟ್ಟೆ ಎಲ್ಲಿರಬೇಕೆಂಬ ಸರ್ಕಾರದ ಕೆಲಸವನ್ನು ನಾವೇ ಅವರ ಕೈಗೆ ಕೊಟ್ಟಿದ್ದೆವು. ರುದ್ರಪ್ಪನವರು ಕಚೇರಿಯ ಗೋಡೆಯಿಂದ ಪಟ ಇಳಿಸಿದ್ದರು, ಆದೇಶದ ಒಳಗೆ ಒಂದನ್ನು ಮೊಳೆ ಹೊಡೆದು ಹೋಗಿದ್ದರು. ಅವರ ಮೇಲೆ ನನಗೆ ಇವತ್ತಿಗೂ ಗೌರವವಿದೆ. ಅಂದು ಗಲಾಟೆ ತಪ್ಪಿಸಿದ್ದೂ ಅವರೇ.

ಬೇರೆ ಭಾಷೆಗಳಲ್ಲಿ ಧರ್ಮನಿರಪೇಕ್ಷ ಎನ್ನುವುದಕ್ಕೆ ನಾವು ಕನ್ನಡದಲ್ಲಿ ಜಾತ್ಯತೀತ ಎನ್ನುತ್ತೇವೆ. ಅನುವಾದ ಸರಿಯಿಲ್ಲ ಎಂದು ತಿಳಿದವರು ವಾದಿಸುವುದನ್ನು ಕೇಳಿದ್ದೇನೆ. ಆ ಊರಿನ ಮಟ್ಟಿಗೆ ನಮ್ಮ ಪದವೇ ಸರಿಯಾಗಿತ್ತು. ಅಲ್ಲಿ ದೇವರನ್ನು ಮತಗಟ್ಟೆಯಿಂದ ದೂರ ಇಡದೆ ಜಾತಿಯನ್ನು ದೂರ ಇಡಲು ಬರುತ್ತಿರಲಿಲ್ಲ.

ಹೊಸ ತಹಶೀಲ್ದಾರರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಎಚ್ಚರಿಕೆಯ ಮನುಷ್ಯ. ಮನವಿಗೆ ಉತ್ತರದ ಕರಡು ಬರೆಯಲು ನನಗೆ ಹೇಳಿದರು. ನಾನು ಹಳೆಯ ಫೈಲು ತೆಗೆಸಿ ನನ್ನ ವರದಿಯನ್ನು ಮುಂದಿಟ್ಟುಕೊಂಡು ಬರೆದೆ. ಭಜನೆ ಮನೆಯೊಳಗೆ ಪರಿಶಿಷ್ಟ ಜಾತಿಯ ಮತದಾರರಿಗೆ ಪ್ರವೇಶ ನೀಡುತ್ತಿಲ್ಲ. ಅವರು ಕಿಟಕಿಯ ಹೊರಗಿನಿಂದ, ಇತರರ ಎದುರಿನಲ್ಲಿ ಮತ ಹಾಕಬೇಕಾಗುತ್ತಿತ್ತು. ಕೆಲವು ಮಹಿಳೆಯರೂ ಅನ್ಯಧರ್ಮೀಯರೂ ಅಲ್ಲಿಗೆ ಬರಲಾರರು. ಎಲ್ಲ ಮತದಾರರೂ ಸಮಾನವಾಗಿ ಒಳಬರಲು ಆಗದ ಸ್ಥಳ ಮತಗಟ್ಟೆಯಾಗಲು ಯೋಗ್ಯವಲ್ಲ. ಮನವಿಯನ್ನು ತಿರಸ್ಕರಿಸಲಾಗಿದೆ.

ಅವರು ಎರಡು ಸಲ ಓದಿದರು. “ಮೇಡಂ, ಸ್ವಲ್ಪ ಖಾರ ಆಯ್ತಲ್ವಾ? ಸ್ಥಳಾವಕಾಶ ಸಾಲದು ಅಂತ ಹಾಕಿಬಿಡೋಣ.”

“ಮುಂದಿನ ಸಲ ಇನ್ನೊಂದು ರೂಮು ಕಟ್ಟಿಸ್ಕೊಂಡು ಬರ್ತಾರೆ ಸಾರ್.”

“ಇದು ನೋಟಿಸ್ ಬೋರ್ಡಿಗೆ ಹೋಗತ್ತೆ. ಪ್ರವೇಶ ನೀಡುತ್ತಿಲ್ಲ ಅಂತ ಸರ್ಕಾರವೇ ಬರೆದ ಹಾಗಾಗತ್ತೆ.”

“ನಡೆದಿರೋದೇ ಅಷ್ಟು ಸಾರ್. ನಾನೇ ನೋಡಿ ಬಂದಿದೀನಿ.”

ಕರಡು ಅವರ ಟೇಬಲ್ಲಿನ ಮೇಲೆ ಒಂದೆರಡು ದಿನ ಬಿದ್ದಿತ್ತು. ಬೇರೆಯವರಿಂದ ಬರೆಸುತ್ತಾರೆ ಎಂದುಕೊಂಡೆ. ಆಮೇಲೆ ಒಂದು ಅಕ್ಷರವೂ ತಿದ್ದದೆ ಸಹಿಯಾಗಿ ಬಂತು. ಯಾಕೆ ಮನಸ್ಸು ಬದಲಾಯಿತೋ ನನಗೆ ಗೊತ್ತಿಲ್ಲ.

ಆದೇಶ ಬೋರ್ಡಿಗೆ ಹೋದ ಮೇಲೆ ಗೌಡರು ಕಚೇರಿಯ ಕಡೆ ತಲೆ ಹಾಕಲಿಲ್ಲ. ಹನುಮಂತು ಬಂದ. ಕಾರ್ಖಾನೆಯ ಖಾಕಿ ಬಟ್ಟೆಯಲ್ಲೇ ಬೋರ್ಡಿನ ಮುಂದೆ ನಿಂತು, ಗಾಜಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಓದಿದ. ಒಳಗೆ ಬಂದು ನಕಲು ಬೇಕೆಂದು ಅರ್ಜಿ ಕೊಟ್ಟ. ಟೈಪು ಮಾಡಿಸಿ, ಮೊಹರು ಹಾಕಿಸಿ ಕೊಟ್ಟೆ. ಧನ್ಯವಾದ ಅನ್ನುತ್ತಾನೇನೋ ಎಂದು ನೋಡಿದೆ. ಅವನು ಅದನ್ನು ಇನ್ನೊಮ್ಮೆ ಓದಿ, ಮಡಿಸಿ ಜೇಬಿಗಿಟ್ಟುಕೊಂಡ.

“ಪ್ರವೇಶ ಇಲ್ಲ ಅಂತ ಸರ್ಕಾರ ಒಪ್ಕೊಂಡಂಗಾಯ್ತಲ್ಲ ಮೇಡಂ. ಅದು ಕಾನೂನಿಗೆ ವಿರುದ್ಧ ಅಂತ ನೀವೇ ಆವತ್ತು ಹೇಳಿದ್ರಿ. ದೂರು ಕೊಡೋದು ಯಾವ ಟೇಬಲ್ಲಿಗೆ?”

ನಾನು ಎದ್ದು ಅವನ ಜೊತೆ ಹೋಗಿ ಹೆಡ್ ಕ್ಲಾರ್ಕರ ಟೇಬಲ್ ತೋರಿಸಿದೆ. ಶ್ರೀಕಂಠಯ್ಯನವರು ಬೀರುವಿನ ಬಾಗಿಲು ಮುಚ್ಚಿ, ಅವನಿಗೆ ಕುರ್ಚಿ ಎಳೆದು ಹಾಕಿದರು.